ನಟ್ಟಿಯ ನಡಿಗೆ

ಆ ವರ್ಷ ಬಿಜೂರಿನ ಗದ್ದೆಗಳಲ್ಲೆಲ್ಲ ಭತ್ತದ ನಟ್ಟಿ ಮುಗಿಯುತ್ತ ಬಂದರೂ ರಾಜೇಂದ್ರ ಶೆಟ್ಟರ ಮನೆಯೆದುರಿನ ದೊಡ್ಡ ಗದ್ದೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಆಸಾಡಿಯ ಕೊನೆಯ ಭಾನುವಾರ ಅಲ್ಲಿ ಕೆಸರುಗದ್ದೆ ಕ್ರೀಡಾಕೂಟ ಇತ್ತು. ಆಟ ಮುಗಿದ ಮರುದಿನವೇ ಅಲ್ಲಿ ನಟ್ಟಿ ಮಾಡುವುದೆಂದು ಪಕ್ಕದ ಮಡಿಯಲ್ಲಿ ಅಗೆಯ ಸಸಿಗಳನ್ನು ಉಳಿಸಿಕೊಂಡಿದ್ದರು. ಶೆಟ್ಟರು ಹೆಚ್ಚಾಗಿ ಪುಣೆಯ ಹೋಟೆಲಿನಲ್ಲೇ ಇರುತ್ತಿದ್ದುದರಿಂದ ಊರಿನ ವ್ಯವಹಾರವೆಲ್ಲ ಹೆಂಡತಿ ಶ್ರೀಲತಾ ಮತ್ತು ಮಗ ಕೌಶಲನ ಮೇಲಿತ್ತು. ಕ್ರೀಡಾಕೂಟ ಕೌಶಲನ ಹುಮ್ಮಸ್ಸು.

ಹತ್ತು ದಿನ ಮೊದಲು ಗದ್ದೆಯನ್ನು ಟಿಲ್ಲರಿನಲ್ಲಿ ಉತ್ತು, ಹಸನು ಮಾಡಲು ನಟ್ಟಿಯ ಎಂಟು ಹೆಂಗಸರಿಗೆ ಹೇಳಿ ಕಳಿಸಿದರು. ಮೊಣಕಾಲವರೆಗಿನ ಕೆಸರಿನಲ್ಲಿ ಸಾಲಾಗಿ ನಡೆಯುತ್ತ, ಪಾದಕ್ಕೆ ಸಿಕ್ಕಿದ ಕಲ್ಲು, ಬೇರಿನ ತುಂಡು, ಬಾಟ್ಲಿಯ ಚೂರು ಎಲ್ಲವನ್ನೂ ಹೆಕ್ಕಿ ಬುಟ್ಟಿಗೆ ಹಾಕುವ ಕೆಲಸ. ಎಂಟು ಜನರಲ್ಲಿ ಹಿರಿಯಳು ನಾಗು, ಅರವತ್ತರ ಮೇಲಾದರೂ ಬಾಯಿ ಮಾತ್ರ ಇಪ್ಪತ್ತರದ್ದು. ಒಂದು ಗಾಜಿನ ಚೂರನ್ನು ಎತ್ತಿ ಹಿಡಿದು ನೋಡಿದಳು.

"ಇಷ್ಟ್ ವರ್ಷ ಇದ್ ನಮ್ಮ್ ಕಾಲಿಗ್ ತಾಗ್ತಾ ಇದ್ದಿತ್. ಆಗ ಯಾರೂ ಹೆಕ್ಕೂಕೆ ಹೇಳಲಿಲ್ಲೆ. ಈಗ ಆಟ ಆಡುವರ್ ಕಾಲಿಗ್ ತಾಗುಕಾಗ ಅಂಬ್ರ್."

ಅಂಚಿನ ಮೇಲೆ ನಿಂತಿದ್ದ ಕೌಶಲನಿಗೆ ಅದು ಕೇಳಿಸಿತು. ಹುಡುಗ ಕೆಟ್ಟವನಲ್ಲ. ಮರುದಿನ ಬೈಂದೂರಿನಿಂದ ಎಂಟು ಜೊತೆ ರಬ್ಬರ್ ಬೂಟು ತಂದುಕೊಟ್ಟ. ಅದನ್ನು ಹಾಕಿಕೊಂಡು ಕೆಸರಿಗೆ ಇಳಿದರೆ ಕಾಲು ಮಾತ್ರ ಮೇಲೆ ಬರುತ್ತಿತ್ತು, ಬೂಟು ಅಲ್ಲೇ ಉಳಿಯುತ್ತಿತ್ತು. ಅವನ ಮನಸ್ಸಿಗೆ ನೋವಾಗಬಾರದೆಂದು ಎಂಟೂ ಜನ ಬೂಟುಗಳನ್ನು ಅಂಚಿನ ಮೇಲೆ ಒಪ್ಪವಾಗಿ ಸಾಲಾಗಿ ಇಟ್ಟು ಬರಿಗಾಲಲ್ಲೇ ಕೆಲಸ ಮುಂದುವರಿಸಿದರು.

ಅವತ್ತೇ ಮಧ್ಯಾಹ್ನ ಕೌಶಲ್ ಯಾರೊಡನೆಯೋ ಫೋನಿನಲ್ಲಿ ಹೇಳುತ್ತಿದ್ದ: "ನಲ್ವತ್ತ್ ದಾಟಿದ ಹೆಂಗಸ್ರ ಹಗ್ಗಜಗ್ಗಾಟಕ್ಕೆ ಒಂದೇ ಟೀಮ್ ಬಂದಿತ್ತ್ ಮಾರಾಯಾ. ಅಮ್ಮನ ಬೈಂದೂರಿನ ವಾಕಿಂಗ್ ಗುಂಪ್. ಇನ್ನೊಂದ್ ಸಿಕ್ಕದಿದ್ರೆ ಕ್ಯಾನ್ಸಲ್ ಮಾಡ್ಕ್."

ಸರಸ ಬೆನ್ನು ನೆಟ್ಟಗೆ ಮಾಡಿ ನಿಂತಳು. "ಎಂತಕೆ ಕ್ಯಾನ್ಸಲ್? ನಾವ್ ಎಂಟ್ ಜನ ಇಲ್ಯಾ?"

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಸರಸಳಿಗೆ ಆಗ ಐವತ್ತೊಂದು. ಈ ಗದ್ದೆಯ ಪರಿಚಯ ಮೂವತ್ತೊಂದು ವರ್ಷದ್ದು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅತ್ತೆಯ ಹಿಂದೆ ಬಂದು ಇಳಿದದ್ದು ಇಲ್ಲಿಗೇ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಒರತೆ ಇದೆ ಎಲ್ಲವೂ ಅವಳ ಪಾದಕ್ಕೆ ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಕೂಲಿಗಲ್ಲದೆ ಈ ಗದ್ದೆಗೆ ಇಳಿದವಳಲ್ಲ. ಸುಮ್ಮನೆ, ಯಾವ ಕೆಲಸವೂ ಇಲ್ಲದೆ, ನಗುವುದಕ್ಕಾಗಿ ಜನ ಇಳಿಯುತ್ತಾರಲ್ಲ, ಹಾಗೆ ಒಮ್ಮೆ ಇಳಿಯಬೇಕೆಂಬ ಆಸೆ ಯಾವಾಗ ಹುಟ್ಟಿತೋ ಅವಳಿಗೆ ತಿಳಿಯದು. ಏಳನೇ ತರಗತಿಯಲ್ಲಿ ಓಟದಲ್ಲಿ ಗೆದ್ದು ಒಂದು ಸ್ಟೀಲ್ ಲೋಟ ತಂದಿದ್ದಳು. ಅವಳ ಪಾಲಿಗೆ ಆಟವೆಂಬುದು ಆ ಲೋಟಕ್ಕೇ ಮುಗಿದಿತ್ತು.

ಕೌಶಲ್ ಫೋನನ್ನು ಕಿವಿಯಿಂದ ದೂರ ಹಿಡಿದ. "ನೀವಾ? ನಿಮ್ಗೆ ಅವತ್ತ್ ಅಡ್ಗಿ ಬದಿಗ್ ಹೇಳಿತ್ತಲೆ. ಬಡ್ಸೂಕೆ ಜನ ಬೇಕಲ್ದಾ."

"ಹಗ್ಗ ಎಳ್ದ್ ಆದ್ಮೇಲೆ ಬಡ್ಸುವ," ಎಂದಳು ನಾಗು. "ಕೈ ತೊಳ್ಕಂಡೇ ಬಡ್ಸುವ, ಹೆದ್ರಬೇಡ ಮಾಣಿ."

ಅವನು ನಕ್ಕ. ಹೆಸರು ಬರೆದುಕೊಂಡ. ಆಮೇಲೆ ನಿಯಮ ಹೇಳಿದ. ಎಂಟೂ ಜನ ಒಂದೇ ಬಣ್ಣದ ಜೆರ್ಸಿ ಹಾಕಬೇಕು, ಸೀರೆ ಆಗುವುದಿಲ್ಲ, ಕಾಲಿಗೆ ಸಿಕ್ಕಿ ಬೀಳುತ್ತಾರೆ. ನಲವತ್ತು ದಾಟಿದವರಿಗೆ ಆಟಕ್ಕೆ ಮೊದಲು ಬಿಪಿ ನೋಡಿಸುವುದು ಕಡ್ಡಾಯ. ಹಿಂದಿನ ವರ್ಷ ಬೇರೊಂದು ಊರಿನ ಕೆಸರುಗದ್ದೆಯಲ್ಲಿ ಓಡುತ್ತಿದ್ದವರೊಬ್ಬರು ಕುಸಿದು ಬಿದ್ದ ಸುದ್ದಿ ಕೇಳಿದಂದಿನಿಂದ ಅವನಿಗೆ ಆ ಹೆದರಿಕೆ.

ಬಿಪಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರ ಚಿಂತೆ ಜೆರ್ಸಿಯದ್ದು.

ರಾತ್ರಿಯ ಅಡಿಗೆಗೆ ಕೂತಾಗ ಸರಸ ಗಂಡನಿಗೆ ವಿಷಯ ಹೇಳಿದಳು. ಮಂಜ ಉಪ್ಪುಂದದ ಅಕ್ಕಿ ಮಿಲ್ಲಿಗೆ ಕೆಲಸಕ್ಕೆ ಹೋಗುವವನು. ಹರೆಯದಲ್ಲಿ ಒಳ್ಳೆಯ ವಾಲಿಬಾಲ್ ಆಟಗಾರ. ಭಾನುವಾರವೆಂದರೆ ಅವನಿಗೆ ಪಂದ್ಯ, ಸರಸಳಿಗೆ ಅವನ ಜೆರ್ಸಿ ಒಗೆಯುವ ದಿನ. ಈಗಲೂ ಸಂಜೆ ಶಾಲೆಯ ಅಂಗಳದಲ್ಲಿ ನೆಟ್ ಕಟ್ಟಿದರೆ ಕಟ್ಟೆಯ ಮೇಲೆ ಕೂತು ಹುಡುಗರಿಗೆ ಬೈದು ಬರುತ್ತಾನೆ.

"ಈ ವಯ್ಸಿಗೆ ನಿಂಗ್ ಹಗ್ಗ ಎಳೂಕಾ?" ಎಂದ.

"ನಿಮ್ಗೆ ಐವತ್ತ್ನಾಲ್ಕ್. ನೀವ್ ಮೊನ್ನೆ ಸರ್ವಿಸ್ ಮಾಡೂಕ್ ಹೋಯಿ ಭುಜ ಉಳ್ಕ್ಸ್ಕಂಡ್ ಬಂದ್ರಿ. ಎಣ್ಣೆ ಹಚ್ಚಿದ್ದ್ ಯಾರ್?"

ಮರುದಿನ ಮಂಜ ಮಿಲ್ಲಿನಿಂದ ಮನೆಗೆ ಬಂದದ್ದು ತಡವಾಗಿ. ಕಂಕುಳಲ್ಲಿ ಒಂದು ಗೋಣಿಚೀಲ. ಹಳೆಯ ವಾಲಿಬಾಲ್ ತಂಡದವರ ಮನೆಮನೆಗೆ ಹೋಗಿ ಜೆರ್ಸಿ ಒಟ್ಟುಮಾಡಿ ತಂದಿದ್ದ. ನೀಲಿ ಬಣ್ಣ, ಬೆನ್ನಿಗೆ ನಂಬರು. ಒಂದು ಯಾರದೋ ಸ್ಕೂಟರ್ ಒರೆಸುವ ಬಟ್ಟೆಯಾಗಿತ್ತು, ಇನ್ನೊಂದನ್ನು ಕೋಳಿಗೂಡಿನ ಬಾಗಿಲಿಗೆ ಕಟ್ಟಿದ್ದರು. ಎಂಟು ತುಂಬಲು ಒಂದು ಕಡಿಮೆ ಬಿತ್ತು. ಟ್ರಂಕಿನ ಅಡಿಯಲ್ಲಿ ಮಡಿಸಿಟ್ಟಿದ್ದ ತನ್ನದೇ ನಾಲ್ಕನೇ ನಂಬರಿನದನ್ನು ತೆಗೆದು ಅವಳ ಮುಂದಿಟ್ಟ. "ಹರೀಬೇಡ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ಅಭ್ಯಾಸಕ್ಕೆ ಅವರಿಗೆ ಸಿಗುತ್ತಿದ್ದುದು ಸಂಜೆಯ ಹದಿನೈದು ನಿಮಿಷ. ಕೆಲಸ ಬಿಟ್ಟ ಮೇಲೆ, ಮನೆಯ ಒಲೆ ಹೊತ್ತಿಸುವ ಮುಂಚೆ. ಶೆಟ್ಟರ ತೋಟದ ತೆಂಗಿನ ಮರಕ್ಕೆ ಹುರಿಹಗ್ಗ ಕಟ್ಟಿ ಎಂಟು ಜನ ಎಳೆಯುತ್ತಿದ್ದರು. ಮೊದಲ ದಿನ ಸರಸಳ ನಾದಿನಿ ಸುಗುಣ ಕೈ ನೋಯಿಸಿಕೊಂಡು ಕೂತುಬಿಟ್ಟಳು. ಸುಗುಣ ತೆಳ್ಳಗಿನ ಹೆಂಗಸು, ಮುಖ ಯಾವಾಗಲೂ ಬಿಳಿಚಿಕೊಂಡೇ ಇರುತ್ತಿತ್ತು, ಏರು ಹತ್ತಿದರೆ ಎರಡು ಸಲ ನಿಲ್ಲುತ್ತಿದ್ದಳು. ಅದು ಅವಳ ಹುಟ್ಟುಗುಣವೆಂದೇ ಎಲ್ಲರೂ ತಿಳಿದಿದ್ದರು.

"ಹ್ವಾಯ್ ನಾಗಕ್ಕ, ಮರ ಅಲ್ಲಾಡಿತ್ತಾ?" ಎಂದು ಸುಗುಣ ಕೇಳಿದರೆ ನಾಗು, "ಮೇಲೆ ಕಾಯಿ ನಗಾಡ್ತಾ ಇತ್ತ್," ಎಂದಳು.

ಸರಸ ಯೋಚಿಸುತ್ತ ನಿಂತಳು. ಎಲ್ಲರೂ ತೋಳಿನಲ್ಲಿ ಎಳೆಯುತ್ತಿದ್ದರು, ಬಾವಿಯಿಂದ ನೀರು ಸೇದುವ ಹಾಗೆ. ಕೆಸರಿನಲ್ಲಿ ತೋಳಿಗೇನು ಕೆಲಸ? ನಟ್ಟಿಯಲ್ಲಿ ಅವರು ಮಾಡುವುದೇನು? ಎಂಟು ಜನ ಸಾಲಾಗಿ ಬಗ್ಗಿ, ಎಡಗೈಯಲ್ಲಿ ಅಗೆಯ ಸೂಡಿ ಹಿಡಿದು, ಬಲಗೈಯಲ್ಲಿ ನೆಡುತ್ತ ನೆಡುತ್ತ ಹಿಂದೆ ಹಿಂದೆ ಹೋಗುವುದು. ಬೆಳಿಗ್ಗೆ ಎಂಟಕ್ಕೆ ಒಂದು ಅಂಚಿನಿಂದ ಹೊರಟರೆ ಮಧ್ಯಾಹ್ನಕ್ಕೆ ಎದುರಿನ ಅಂಚು ಬೆನ್ನಿಗೆ ತಾಗುತ್ತದೆ. ಮುಂದೆ ನಡೆದರೆ ನೆಟ್ಟದ್ದು ತುಳಿದುಹೋಗುತ್ತದೆ. ಎಂಟೂ ಜನರ ಹೆಜ್ಜೆ ಒಟ್ಟಿಗೇ ಬೀಳಬೇಕು, ಒಬ್ಬಳು ಹಿಂದುಳಿದರೆ ಸಾಲು ಸೊಟ್ಟಗಾಗುತ್ತದೆ. ಹಿಂದೆ ಕಣ್ಣಿಲ್ಲದಿದ್ದರೂ ಹಿಮ್ಮಡಿಗೆ ಎಲ್ಲವೂ ಗೊತ್ತು. ಹಗ್ಗಜಗ್ಗಾಟದಲ್ಲಿ ಗೆಲ್ಲುವವರೂ ಹಿಂದಕ್ಕೇ ಅಲ್ಲವೇ ನಡೆಯುವುದು?

"ಎಳೂದ್ ಬ್ಯಾಡ," ಎಂದಳು. "ಹಗ್ಗ ಗಟ್ಟಿ ಹಿಡ್ಕಂಡ್ ನಟ್ಟಿ ನಡ್ದ ಹಾಂಗೆ ಹಿಂದೆ ನಡುದ್. ಅಷ್ಟೇ ಸಾಕ್."

ಮರ ಅಂತೂ ಅಲ್ಲಾಡಲಿಲ್ಲ. ಆದರೆ ಎರಡು ದಿನದಲ್ಲಿ ಎಂಟು ಜೊತೆ ಕಾಲು ಒಂದೇ ಸದ್ದಿನಲ್ಲಿ ನೆಲಕ್ಕೆ ಬೀಳತೊಡಗಿತು. ಅಭ್ಯಾಸ ಮುಗಿಸಿ ಮನೆಗೆ ಹೋಗುವಾಗ ಸರಸಳ ಹಿಂದಲೆ ಸಿಡಿಯುತ್ತಿತ್ತು. ಅದು ಹೊಸತೇನಲ್ಲ. ಎರಡು ವರ್ಷದಿಂದ ಇತ್ತು. ಬಗ್ಗಿ ಬಗ್ಗಿ ಬರುವ ನೋವೆಂದು ಬಾಮು ತಿಕ್ಕಿಕೊಳ್ಳುತ್ತಿದ್ದಳು. ತೀರಾ ಆಗದಿದ್ದರೆ ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗಿ ಮರುದಿನ ಕೆಲಸಕ್ಕೆ ಹೋಗುತ್ತಿದ್ದಳು.

ಭಾನುವಾರ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಶಾಮಿಯಾನ, ಮೈಕು, ಹಲಸಿನ ಎಲೆಯ ಕೊಟ್ಟೆ ಕಡುಬಿನ ವಾಸನೆ. ಕುಂದಾಪುರದಿಂದ, ಬ್ರಹ್ಮಾವರದಿಂದ ಗಂಡಸರ ತಂಡಗಳು ಬಂದಿದ್ದವು. ಮಕ್ಕಳು ಬೆಳಿಗ್ಗೆಯೇ ಗುರುತು ಸಿಗದ ಹಾಗೆ ಕೆಸರಾಗಿದ್ದರು. ನೀಲಿ ಜೆರ್ಸಿ, ಕೆಳಗೆ ಮಕ್ಕಳ ಹಳೆಯ ಪ್ಯಾಂಟು ಹಾಕಿಕೊಂಡು ಬಂದ ಎಂಟು ಹೆಂಗಸರನ್ನು ಕಂಡು ಮೈಕಿನವನು, "ಬಂದ್ರ್ ಕಾಣಿ, ನಮ್ಮ ಬಿಜೂರಿನ ವಾಲಿಬಾಲ್ ತಂಡ," ಎಂದು ಹಾಸ್ಯ ಮಾಡಿದ. ಮಂಜ ದೂರದಲ್ಲಿ ನಿಂತು ನೆಲ ನೋಡುತ್ತ ನಕ್ಕ.

ಆರೋಗ್ಯ ತಪಾಸಣೆಯ ಮೇಜಿನ ಹಿಂದೆ ಆರೋಗ್ಯ ಉಪಕೇಂದ್ರದ ನರ್ಸ್ ವಿನಯಾ ಕೂತಿದ್ದಳು. ಬ್ರಹ್ಮಾವರದ ಕಡೆಯ ಹುಡುಗಿ, ಈ ಊರಿಗೆ ಬಂದು ಎರಡು ವರ್ಷ. ಅವಳೆದುರಿನ ಕುರ್ಚಿಯಲ್ಲಿ ಶ್ರೀಲತಾ ತೋಳು ಚಾಚಿ ಕೂತಿದ್ದರು.

"ನೂರಾ ಮೂವತ್ತೆರಡು, ಎಂಬತ್ತನಾಲ್ಕು. ಮಾತ್ರೆ ಬಿಡದೆ ತಗೊಳ್ತಿದ್ದೀರಲ್ಲ ಅಮ್ಮ?"

"ಹತ್ತ್ ವರ್ಷದಿಂದ ಬಿಟ್ಟದ್ದಿಲ್ಲೆ. ಬೆಳಿಗ್ಗೆ ವಾಕಿಂಗ್ ಸಹ."

"ನೀವು ಆಡಬಹುದು," ಎಂದು ವಿನಯಾ ಚೀಟಿಗೆ ಸಹಿ ಹಾಕಿದಳು.

ಶ್ರೀಲತಾ ಎದ್ದ ಕುರ್ಚಿಗೆ ಸರಸ ಕೂತಳು. ಪಟ್ಟಿ ತೋಳನ್ನು ಬಿಗಿಯಿತು, ಸಡಿಲಾಯಿತು. ವಿನಯಾ ಒಮ್ಮೆ ನೋಡಿ, ಇನ್ನೊಂದು ತೋಳಿಗೆ ಪಟ್ಟಿ ಸುತ್ತಿದಳು.

"ತಲೆ ನೋವು ಉಂಟಾ?"

"ಅದ್ ಯಾವಾಗ್ಳೂ ಇಪ್ಪುದೇ."

"ಎದೆ ನೋವು? ಕಣ್ಣು ಮಂಜಾಗುವುದು? ಕೈಕಾಲು ಜೋಮು?"

"ಇಲ್ಲೆ."

"ನೂರಾ ತೊಂಬತ್ತೆರಡು, ನೂರಾ ಹದಿನಾಲ್ಕು," ಎಂದಳು ವಿನಯಾ. "ಇದಕ್ಕಿಂತ ಮೊದಲು ಬಿಪಿ ನೋಡಿಸಿದ್ದು ಯಾವಾಗ ಅಕ್ಕ?"

ಸರಸ ಲೆಕ್ಕ ಹಾಕಿದಳು. "ಸಣ್ಣ ಮಗ್ಳ್ ಹುಟ್ಟುವತಿಗೆ. ಅದಕ್ಕೆ ಈಗ ಇಪ್ಪತ್ತ್ನಾಲ್ಕ್."

ವಿನಯಾ ತನ್ನ ಪುಸ್ತಕ ತೆಗೆದು ಪುಟ ತಿರುವಿದಳು. "ನಿಮ್ಮ ಮನೆಗೆ ನಾನು ಮೂರು ಸಲ ಬಂದಿದ್ದೇನೆ. ಮೂರು ಸಲವೂ ಬೀಗ ಅಂತ ಬರೆದಿದ್ದೇನೆ ಇಲ್ಲಿ."

"ಎಷ್ಟೊತ್ತಿಗೆ ಬಂದದ್ದ್?"

"ಹನ್ನೊಂದು ಗಂಟೆಗೆ."

"ಹನ್ನೊಂದ್ ಗಂಟೆಗೆ ನಾವ್ ಮನೆಯಗಿದ್ರೆ ಉಂಬುದ್ ಎಂತ?" ಎಂದಳು ಹಿಂದೆ ನಿಂತಿದ್ದ ನಾಗು.

ವಿನಯಾಳ ಕಿವಿ ಕೆಂಪಾಯಿತು. ಅವಳು ಸರಸಳನ್ನು ಅರ್ಧ ಗಂಟೆ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದಳು. ನೂರಾ ಎಂಬತ್ತಾರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನು ಮಾಡಿ, ಬದಿಗೆ ಹೋಗಿ ಮಾತನಾಡಿ ಬಂದಳು.

"ಅಕ್ಕ, ನೀವು ಹಗ್ಗ ಎಳೆಯುವ ಹಾಗಿಲ್ಲ. ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಬರಬೇಕು. ಇವತ್ತು ನೆರಳಲ್ಲಿ ಕೂತಿರಿ."

"ನಾ ಗಟ್ಟಿ ಇದ್ದೆ. ನಿನ್ನೆ ಇಡೀ ದಿನ ಹೊಳೆಬದಿ ಗದ್ದೆಯಗ್ ನೆಟ್ಟ್ ಬಂದಿದೆ."

"ಗಟ್ಟಿ ಇದ್ದೀರಿ, ಅದು ಗೊತ್ತು. ಆದರೂ ಆಗುವುದಿಲ್ಲ."

"ಒಂದ್ ಸಲ. ಮೂರ್ ಎಳೆತದಲ್ಲಿ ಒಂದೇ ಒಂದ್."

ವಿನಯಾ ಮೇಜು ದಾಟಿ ಬಂದು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಹಿಡಿದುಕೊಂಡಳು. "ಉಸಿರು ಕಟ್ಟಿ ಎಳೆಯುವಾಗ ಇದು ಇನ್ನೂ ಮೇಲೆ ಹೋಗುತ್ತದೆ. ತಲೆಯೊಳಗೆ ರಕ್ತನಾಳ ಒಡೆದರೆ ಒಂದು ಬದಿಯ ಕೈಕಾಲು ಹೋಗಬಹುದು. ನಾನು ಸಹಿ ಹಾಕುವುದಿಲ್ಲ ಅಕ್ಕ."

ಸರಸ ಜೆರ್ಸಿಯ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. ಈ ಮನೆಯಂಗಳಕ್ಕೆ ಅವಳು ಮೂವತ್ತೊಂದು ವರ್ಷದಿಂದ ಬರುತ್ತಿದ್ದಾಳೆ. ಶ್ರೀಲತಮ್ಮನಿಗೂ ಬಿಪಿ ಇದೆಯೆಂದು ಅವಳಿಗೆ ಗೊತ್ತಾದದ್ದು ಇವತ್ತು. ರೋಗವಿದ್ದ ಅವರು ಆಡಬಹುದು. ಗಟ್ಟಿಯಿದ್ದ ತಾನು ಆಡುವ ಹಾಗಿಲ್ಲ. ಅದನ್ನು ಅವಳು ಎರಡು ಮೂರು ಸಲ ತಿರುಗಿಸಿ ತಿರುಗಿಸಿ ನೋಡಿದಳು, ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಮೈಕಿನಲ್ಲಿ ಕರೆದರು. ನೀಲಿ ತಂಡದಲ್ಲಿ ಚೀಟಿ ಸಿಕ್ಕಿದ್ದು ಏಳೇ ಜನರಿಗೆ. ಕೌಶಲ್ ನಿಯಮದ ಹಾಳೆ ಹಿಡಿದು ತಲೆ ಕೆರೆದುಕೊಂಡ. "ಎಂಟ್ ಜನ ಬೇಕೇ ಬೇಕ್. ಇಲ್ದಿದ್ರೆ..."

"ಎರಡೂ ಬದಿ ಏಳ್ ಏಳ್ ಮಾಡು," ಎಂದರು ಶ್ರೀಲತಾ. ಹಗ್ಗ ಹಿಡಿಯಲು ಗದ್ದೆಗೆ ಇಳಿದಿದ್ದವರು ಮೇಲೆ ಹತ್ತಿ ಬಂದರು. "ನಂದೂ ಮೊಣಕಾಲ್ ಬೆಳಿಗ್ಗೆಯಿಂದ ಸರಿ ಇಲ್ಲೆ."

ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಅವರು ಬೈಂದೂರು ರಸ್ತೆಯಲ್ಲಿ ದಡದಡನೆ ನಡೆದುಹೋದದ್ದನ್ನು ನಾಗು ಕಂಡಿದ್ದಳು. ಆದರೂ ಅವಳು ಆ ಒಂದು ಸಲ ಬಾಯಿ ಮುಚ್ಚಿಕೊಂಡೇ ಇದ್ದಳು. ಶ್ರೀಲತಾ ಕೊಡೆ ಬಿಡಿಸಿ ಸರಸಳ ಪಕ್ಕದ ಬೆಂಚಿಗೆ ಬಂದು ಕೂತರು. ಕೊಡೆಯ ಹೆಚ್ಚಿನ ಭಾಗ ಸರಸಳ ಮೇಲಿತ್ತು, ಅವರ ಒಂದು ಭುಜ ಒದ್ದೆಯಾಗುತ್ತಿತ್ತು.

"ಅಮ್ಮ, ನೀವ್ ಒದ್ದೆ ಆತ್ರಿ."

"ಆಯ್ಲಿ. ನಾನೂ ಕೆಸರಾಪುಕೇ ಬಂದದ್ದ್."

ಮೊದಲ ಎಳೆತದಲ್ಲಿ ಏಳು ಜನ ಸೋತರು. ಜನ ಕೂಗಿದ ಗಲಾಟೆಗೆ, ಎದುರಿನವರು ಜಗ್ಗಿದ ರಭಸಕ್ಕೆ ಎಲ್ಲ ಮರೆತು ತೋಳಿನಲ್ಲಿ ಎಳೆಯತೊಡಗಿದರು. ಒಬ್ಬೊಬ್ಬರ ಹೆಜ್ಜೆ ಒಂದೊಂದು ಕಡೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಗೆರೆಯ ಆಚೆಗೆ ಮುಗ್ಗರಿಸಿದರು.

ಸರಸ ಎದ್ದು ನಿಂತಳು. ವಿನಯಾ ಮೇಜಿನಿಂದಲೇ ಕೈ ಎತ್ತಿದಳು.

"ಕೂಗೂಕ್ ಆತ್ತಾ?" ಎಂದು ಸರಸ ಕೇಳಿದಳು.

"ಬೇಡ ಅಕ್ಕ. ಕೂಗಬೇಡಿ."

"ನಡೂಕೆ?"

"ನಿಧಾನಕ್ಕೆ ನಡೆಯಬಹುದು."

ಸರಸ ಅಂಚಿನ ಮೇಲೆ ನಿಧಾನಕ್ಕೆ ನಡೆದು ಗದ್ದೆಗೆ ಅರ್ಧ ಸುತ್ತು ಬಂದು, ಬೈಂದೂರಿನ ತಂಡದ ಬೆನ್ನ ಹಿಂದೆ ನಿಂತಳು. ಅಲ್ಲಿ ನಿಂತರೆ ತನ್ನವರ ಏಳೂ ಮುಖ ಅವಳಿಗೆ ಎದುರು. ಹಗ್ಗ ಬಿಗಿಯಿತು. ಸರಸ ನಟ್ಟಿಯ ಸಾಲಿನಲ್ಲಿ ನಿಂತ ಹಾಗೆ ಎಡಗೈಯನ್ನು ಸೂಡಿ ಹಿಡಿದಂತೆ ಮಡಿಸಿ, ಬೆನ್ನನ್ನು ತುಸು ಬಗ್ಗಿಸಿ, ಅಂಚಿನ ಹುಲ್ಲಿನ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ನಿಂತಳು. ಮತ್ತೊಂದು ಹೆಜ್ಜೆ. ನಿಂತಳು.

ಮೊದಲು ನೋಡಿದವಳು ನಾಗು. "ಅದನ್ನ ಕಾಣಿ," ಎಂದಳು ಹಲ್ಲು ಕಚ್ಚಿಕೊಂಡೇ. ಏಳು ಜೊತೆ ಕಣ್ಣು ಸರಸಳ ಕಾಲಿಗೆ ಹೋದವು. ಏಳು ಹಿಮ್ಮಡಿಗಳು ಒಟ್ಟಿಗೆ ಕೆಸರಿಗೆ ಇಳಿದವು. ಎಳೆದಾಟ ನಿಂತಿತು. ಈಗ ಅವರು ಎಳೆಯುತ್ತಲೇ ಇರಲಿಲ್ಲ, ದಿನವೂ ಹೋಗುವ ಹಾಗೆ ಸುಮ್ಮನೆ ಹಿಂದೆ ಹೋಗುತ್ತಿದ್ದರು. ಹಗ್ಗದ ಆಚೆ ತುದಿಯಲ್ಲಿದ್ದವರು ತಮಗೇ ತಿಳಿಯದ ಹಾಗೆ ಅವರ ಹಿಂದೆ ಬರುತ್ತಿದ್ದರು. ಕೊನೆಗೆ ನಾಗುವಿನ ಬೆನ್ನಿಗೆ ಎದುರಿನ ಅಂಚೇ ತಾಗಿತು. ಗೆರೆ ಎಲ್ಲಿಯೋ ಹಿಂದೆ ಉಳಿದಿತ್ತು.

"ಸಾಕ್ ಸಾಕ್, ನಿಲ್ಸಿ ಮಾರಾಯ್ರೆ, ಗದ್ದೆ ಮುಗೀತ್," ಎಂದು ಮೈಕಿನವನು ನಕ್ಕ. ಬೈಂದೂರಿನ ಹೆಂಗಸರೂ ಕೆಸರಿನಲ್ಲಿ ಕೂತು ನಗತೊಡಗಿದರು.

ಮೂರನೆಯದಕ್ಕೆ ಬದಿ ಬದಲಾಯಿಸಿದರು. ಸರಸ ಮತ್ತೆ ಅರ್ಧ ಸುತ್ತು ನಡೆದಳು. ಶ್ರೀಲತಾ ಕೊಡೆ ಹಿಡಿದುಕೊಂಡು ಅವಳ ಹಿಂದೆಯೇ ಬಂದರು, ತಮ್ಮ ತಂಡದ ವಿರುದ್ಧ ನಡೆಯುತ್ತಿದ್ದೇವೆಂಬುದು ಅವರಿಗೆ ಹೊಳೆಯಿತೋ ಇಲ್ಲವೋ. ಈ ಸಲವೂ ನೀಲಿ ಜೆರ್ಸಿಗಳು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದವು. ಗೆರೆಗೆ ಇನ್ನು ಎರಡು ಹೆಜ್ಜೆ ಇರುವಾಗ ಸುಗುಣಳ ಬಾಯಿ ತೆರೆದುಕೊಂಡಿತು. ಮುಖ ಸುಣ್ಣದ ಹಾಗಾಗಿ, ಮೊಣಕಾಲು ಮಡಿಸಿ ಮೆಲ್ಲಗೆ ಕೆಸರಿಗೆ ಕುಸಿದಳು. ಸಾಲಿನಲ್ಲಿ ಒಬ್ಬಳ ಹೆಜ್ಜೆ ತಪ್ಪಿದರೆ ಉಳಿದವರದ್ದೂ ತಪ್ಪುತ್ತದೆ. ಹಗ್ಗ ಆ ಕಡೆ ಹೋಯಿತು.

ಗೆದ್ದವರು ಕೈ ಎತ್ತಿ ಕುಣಿಯಲಿಲ್ಲ. ಹಗ್ಗ ಬಿಟ್ಟು ಬಂದು ಇಬ್ಬರು ಸುಗುಣಳ ಎರಡು ತೋಳು ಹಿಡಿದು ಎತ್ತಿದರು, ಒಬ್ಬರು ತಮ್ಮ ಶರಬತ್ತಿನ ಬಾಟ್ಲಿ ಅವಳ ಬಾಯಿಗೆ ಹಿಡಿದರು. ವಿನಯಾ ಓಡಿ ಬಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ನೋಡಿ, "ನಾಳೆ ನೀವೂ ಬರಬೇಕು," ಎಂದಳು.

ಎರಡನೆಯ ಬಹುಮಾನಕ್ಕೆ ಎಂಟು ಸ್ಟೀಲ್ ತಟ್ಟೆ ತಂದಿಟ್ಟಿದ್ದರು, ಎಂಟೂ ಕೊಟ್ಟರು. ಸರಸ ತನ್ನದನ್ನು ಬೇಡವೆಂದಳು. "ನಾ ಎಳೀಲಿಲ್ಲೆ."

"ನೀ ನಡ್ದಿದ್ಯಲ್ಲೆ, ಹಿಡ್ಕೋ," ಎಂದು ನಾಗು ಅದನ್ನು ಅವಳ ಕಂಕುಳಿಗೆ ತುರುಕಿದಳು.

ಸಂಜೆ ಜನ ಕರಗಿದ ಮೇಲೆ ಹಗ್ಗ ಕೆಸರಿನಲ್ಲೇ ಬಿದ್ದಿತ್ತು. ಸರಸ ಅಭ್ಯಾಸಬಲದಿಂದ ಅದನ್ನು ಎಳೆದುತರಲು ಗದ್ದೆಗೆ ಇಳಿಯಹೊರಟಳು. ನಾಲ್ಕು ಕಡೆಯಿಂದ ಗದರಿದರು. ಕೌಶಲ್ ಪ್ಯಾಂಟು ಮಡಿಸಿಕೊಂಡು ತಾನೇ ಇಳಿದ. ನೀರು ಕುಡಿದ ಹಗ್ಗ ಭಾರವಾಗಿ, ಎರಡು ಸಲ ಮುಗ್ಗರಿಸಿದ. ಎಲ್ಲರೂ ಬಡಿಸಿ, ಗುಡಿಸಿ, ಪಾತ್ರೆ ಎತ್ತಿಡುವುದನ್ನು ಸರಸ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ಗೊತ್ತಾಗಲಿಲ್ಲ.

"ನಾಳೆ ಬೆಳಿಗ್ಗೆ ಇಲ್ಲಿ ನಟ್ಟಿ ಇತ್ತಲೆ," ಎಂದಳು ಕೊನೆಗೆ. "ಡಾಕ್ಟ್ರ ಹತ್ರ ನಾಡಿದ್ದ್ ಹೋತೆ."

"ಹೌದಮ್ಮ, ಅಗೆ ಈಗ್ಲೇ ಬಲ್ತ್ ಹೋಯ್ತ್," ಎಂದ ಕೌಶಲ್, ಹಗ್ಗದ ಸಿಂಬೆಯನ್ನು ಕೆಳಗಿಡುತ್ತ.

ಶ್ರೀಲತಾ ಒದ್ದೆ ಜೆರ್ಸಿಯ ತುದಿಯನ್ನು ಹಿಂಡಿದರು. "ಸರಸ, ನಂಗ್ ಬಿಪಿ ಅಂದೇಳಿ ಗೊತ್ತಾದ್ ವರ್ಷ ನಾ ಇದೇ ಅಂಗಳದಗ್ ತಲೆ ತಿರ್ಗಿ ಕೂಕಂಡಿದೆ. ನೀರ್ ತಂದ್ ಕೊಟ್ಟದ್ದ್ ನೀನ್. ನಿಂಗೂ ತಲೆ ನೋವಾ ಅಂದೇಳಿ ನಾ ಒಂದ್ ದಿನ ಕೇಳ್ಲಿಲ್ಲೆ." ಆಮೇಲೆ ಮಗನ ಕಡೆ ತಿರುಗಿದರು. "ಒಂದ್ ದಿನ ತಡ ಆರೆ ಅಗೆ ಸಾಯುದಿಲ್ಲೆ. ನಾಳೆ ನಮ್ಮನಿ ಗದ್ದೆಗ್ ಯಾರೂ ಬಪ್ಪುದ್ ಬ್ಯಾಡ. ಎಂಟೂ ಜನರನ್ನ ಕಾರಗ್ ಕರ್ಕಂಡ್ ಹೋಗು. ಎರ್ಡ್ ಸಲ ಹೋಯ್ಕಾತ್ತ್, ಹೋಗು."

ಸೋಮವಾರ ಎಂಟೂ ಜನ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನಟ್ಟಿಯ ಸಾಲಿನ ಹಾಗೆ ಕೂತಿದ್ದರು. ಸರಸಳಿಗೆ ಮಾತ್ರೆ ಬರೆದು, ಹದಿನೈದು ದಿನ ಬಗ್ಗುವ ಕೆಲಸ ಬೇಡವೆಂದರು. ಸುಗುಣಳ ರಕ್ತದ ಅಂಶ ಇರಬೇಕಾದ್ದರ ಅರ್ಧಕ್ಕಿಂತ ತುಸುವೇ ಹೆಚ್ಚಿತ್ತು. ಬಿಳಿಚಿಕೊಂಡಿರುವುದು ಅವಳ ಹು​ಟ್ಟುಗುಣವಾಗಿರಲಿಲ್ಲ. ನಾಗುವಿಗೆ ಸಕ್ಕರೆ ಕಾಯಿಲೆ. "ಅಂತೂ ಜೀವ್ಮಾನದಗ್ ಒಂದ್ ಸಿಹಿ ಸಿಕ್ತ್," ಎಂದಳು ಅವಳು. ಭಾನುವಾರ ತುಸುವೇ ಮೇಲಿದ್ದುದರಿಂದ ಆಡಲು ಬಿಟ್ಟಿದ್ದ ಇನ್ನಿಬ್ಬರಿಗೂ ಬಿಪಿ. ಉಳಿದ ಮೂವರಿಗೆ ಏನೂ ಇರಲಿಲ್ಲ. ಅವರಿಗೆ ಸುಮ್ಮನೆ ಒಂದು ದಿನ ಕಾರಿನಲ್ಲಿ ಹೋಗಿ ಬಂದ ಹಾಗಾಯಿತು.

ಮಂಗಳವಾರ ದೊಡ್ಡ ಗದ್ದೆಯಲ್ಲಿ ನಟ್ಟಿ. ಸುಗುಣಳನ್ನೂ ಅಂಚಿನ ಮೇಲೇ ಕೂರಿಸಿದ್ದರು. ಎಂಟು ಜನ ಹಿಡಿಯುವ ಅಗಲವನ್ನು ಆರು ಜನ ಹಂಚಿಕೊಂಡರು. ಒಬ್ಬೊಬ್ಬರು ಒಂದೊಂದು ಮೊಳ ಹೆಚ್ಚು ಕೈ ಚಾಚಿ, ಎಲ್ಲಿಯೂ ಜಾಗ ಖಾಲಿ ಬೀಳದ ಹಾಗೆ ನೆಡುತ್ತ ಹಿಂದೆ ಹೋದರು. ಸರಸ ಅಂಚಿನಲ್ಲಿ ಕೂತು ಸೂಡಿಗಳನ್ನು ಅವರ ಹಿಂದಕ್ಕೆ ಎಸೆಯುತ್ತಿದ್ದಳು. ಅದು ಸಣ್ಣ ಕೆಲಸವೇ, ಆದರೆ ಪ್ರತಿ ಸೂಡಿಯೂ ಕೈಗೆ ಸಿಗುವ ಹಾಗೆ ಬೀಳಬೇಕು. ಅವಳದ್ದು ಒಂದೂ ತಪ್ಪಲಿಲ್ಲ.

ಅಂದಿನಿಂದ ವಿನಯಾ ವಾರಕ್ಕೊಮ್ಮೆ ಸಂಜೆ ಆರಕ್ಕೆ ಸ್ಕೂಟರಿನಲ್ಲಿ ಅವರ ಕೇರಿಗೆ ಬರತೊಡಗಿದಳು. ಯಾರೂ ಹೇಳಿದ್ದಲ್ಲ. ಪುಸ್ತಕದಲ್ಲಿ ಬೀಗ ಎಂದು ಬರೆದಿದ್ದ ಮನೆಗಳೆಲ್ಲ ಆ ಹೊತ್ತಿಗೆ ತೆರೆದಿರುತ್ತಿದ್ದವು. ಕತ್ತಲಾದ ಮೇಲೆ ಮಂಜ ಬ್ಯಾಟರಿ ಹಿಡಿದು ಅವಳನ್ನು ರಸ್ತೆಯವರೆಗೆ ಬಿಟ್ಟು ಬರುತ್ತಿದ್ದ.

ಮಾಘದ ಒಂದು ಸಂಜೆ ವಿನಯಾ ಸರಸಳ ತೋಳಿನಿಂದ ಪಟ್ಟಿ ಬಿಚ್ಚಿದಳು. "ನೂರಾ ಮೂವತ್ತಾರು, ಎಂಬತ್ತಾರು."

"ಅಂದ್ರೆ ಎಳೂಕಾತ್ತಾ?"

"ಹೀಗೇ ಇದ್ದರೆ ಆಗುತ್ತದೆ. ಆದರೆ ಕ್ರೀಡಾಕೂಟಕ್ಕೆ ಇನ್ನೂ ಐದು ತಿಂಗಳಿದೆ ಅಕ್ಕ. ಅವತ್ತು ನೋಡಿಯೇ ಸಹಿ ಹಾಕುವುದು."

"ಗೊತ್ತಿತ್ತ್. ಆದ್ರೂ ಇವತ್ತಿನದ್ದ್ ಒಂದ್ ಚೀಟಿಯಗ್ ಬರ್ದ್ ಕೊಡಿ."

ವಿನಯಾ ನಗುತ್ತ ಬರೆದುಕೊಟ್ಟಳು. ಸರಸ ಅದನ್ನು ಒಳಗೆ ಒಯ್ದು ಮಾತ್ರೆಯ ಡಬ್ಬಿಯಲ್ಲಿ ಮಡಿಸಿಟ್ಟಳು. ನಾಲ್ಕನೇ ನಂಬರಿನ ಜೆರ್ಸಿ ಒಗೆದು ಟ್ರಂಕಿನಲ್ಲಿತ್ತು. ಬಹುಮಾನದ ತಟ್ಟೆ ಅನ್ನದ ಪಾತ್ರೆಯ ಮೇಲೆ ಮುಚ್ಚಳವಾಗಿತ್ತು. ಅದರಲ್ಲಿ ಅವಳು ಈವರೆಗೆ ಉಂಡಿರಲಿಲ್ಲ. ಎಲ್ಲರೂ ತಮ್ಮ ತಮ್ಮ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ, ನಿನಗೇನು ಎಂದು ಮಂಜ ಎರಡು ಸಲ ಕೇಳಿದ್ದ. "ಹಗ್ಗ ಎಳ್ದ್ ಆದ್ಮೇಲೆ ಉಣ್ತೆ," ಎಂದಿದ್ದಳು.

ಅವನು ಮಿಲ್ಲಿನಿಂದ ಬರುವ ಹೊತ್ತಾಗಿತ್ತು. ಸರಸ ತಟ್ಟೆ ಎತ್ತಿ ಅನ್ನ ಬೆಂದಿದೆಯೇ ನೋಡಿ, ಮತ್ತೆ ಹಾಗೇ ಮುಚ್ಚಿದಳು.